ಮಾದರಿ ನಿರುದ್ಯೋಗಿಯ ಬಿಡುಗಡೆ ಆದೇಶ

ಕೆಲಸ ಕಳೆದುಕೊಂಡವರ ದುಃಖಕ್ಕೆ ಗರಿಷ್ಠ ಹತ್ತು ಅಂಕಗಳು ಎಂಬುದು ನಿರುದ್ಯೋಗಿಗಳ ಮನೋಕ್ಷೇಮ ಇಲಾಖೆಯ ನಿಯಮ ಮೂರರಲ್ಲಿ ಸ್ಪಷ್ಟವಾಗಿ ನಮೂದಾಗಿದೆ. ಹತ್ತಕ್ಕಿಂತ ಹೆಚ್ಚು ದುಃಖ ಉಳ್ಳವರು ಮಿಕ್ಕಿದ್ದನ್ನು ಮುಂದಿನ ವರ್ಷಕ್ಕೆ ಒಯ್ಯತಕ್ಕದ್ದು. ಈ ವರ್ಷದ ದುಃಖವನ್ನು ಈ ವರ್ಷವೇ ಮುಗಿಸುವಂತೆ ಯಾರನ್ನೂ ಒತ್ತಾಯಿಸತಕ್ಕದ್ದಲ್ಲ. ಇಷ್ಟು ಉದಾರವಾದ ಇಲಾಖೆ ಭೂಮಿಯ ಮೇಲೆ ಇನ್ನೊಂದಿಲ್ಲ ಎಂದು ಅದರ ಉಪನಿರ್ದೇಶಕರು ತಮ್ಮ ಕೋಣೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಬಂದವರು ನಿಂತೇ ಕೇಳುತ್ತಿದ್ದರು, ಯಾಕೆಂದರೆ ಕೋಣೆಯಲ್ಲಿದ್ದ ಎರಡು ಕುರ್ಚಿಗಳಲ್ಲಿ ಒಂದರ ಮೇಲೆ ಉಪನಿರ್ದೇಶಕರೂ ಇನ್ನೊಂದರ ಮೇಲೆ ಅವರ ಊಟದ ಡಬ್ಬಿಯೂ ಕೂತಿರುತ್ತಿದ್ದವು.

ಆ ವರ್ಷ ಇಲಾಖೆಯು ಸಮುದಾಯವಾರು ದುಃಖ ಸಮೀಕ್ಷೆಯನ್ನು ಕೈಗೊಂಡಿತು. ಊರಿನಲ್ಲಿ ಕೆಲಸ ಹೋಗಿ ಮನೆಯಲ್ಲಿ ಕೂತವರು ಮೂರು ಕಡೆ ಗುಂಪಾಗಿ, ಹುಡುಕುವ ತೊಂದರೆಯಿಲ್ಲದೆ ಸಿಗುತ್ತಿದ್ದರು. ಮಗ್ಗಗಳು ನಿಂತುಹೋಗಿದ್ದ ನೇಕಾರರ ಬೀದಿ ಒಂದು. ಓದಿದ್ದೇ ತಪ್ಪಾಗಿದ್ದ ಪದವೀಧರರ ಬಡಾವಣೆ ಇನ್ನೊಂದು. ಮೂರನೆಯದು ಲೇತ್ ಕಾಲೊನಿ. ಯಂತ್ರದ ಬಿಡಿಭಾಗ ಮಾಡುತ್ತಿದ್ದ ಕಾರ್ಖಾನೆಗೆ ಬೀಗ ಬಿದ್ದು ಹದಿನೆಂಟು ತಿಂಗಳಾಗಿತ್ತು, ಲೇತ್ ಯಂತ್ರದಲ್ಲಿ ಕಬ್ಬಿಣ ಕಡೆಯುವ ಇನ್ನೂರ ಹನ್ನೆರಡು ಮನೆಯ ಟರ್ನರುಗಳು ಅಂದಿನಿಂದ ತಮ್ಮ ತಮ್ಮ ಬಾಗಿಲಲ್ಲಿದ್ದರು.

ಆ ಕಾಲೊನಿಯ ಹುಲಿ ಯಾರೆಂದರೆ ಮೈಕ್ರಾನ್. ಹೆತ್ತವರು ಇಟ್ಟ ಹೆಸರು ಗುರುತಿನ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಚಲಾವಣೆಯಲ್ಲಿರಲಿಲ್ಲ. ಒಂದು ಕೂದಲನ್ನು ಎಪ್ಪತ್ತು ಸೀಳು ಮಾಡಿದರೆ ಒಂದು ಸೀಳಿನ ದಪ್ಪಕ್ಕೆ ಮೈಕ್ರಾನ್ ಎನ್ನುತ್ತಾರೆ. ಎತ್ತಿನ ಹಲ್ಲು ಹಿಡಿದು ವಯಸ್ಸು ಹೇಳುವ ಗಂಡಸು ಹಳ್ಳಿಗೊಬ್ಬ ಸಿಕ್ಕಾನು; ಕಡೆದ ಕಬ್ಬಿಣದ ಮೈಮೇಲೆ ಹೆಬ್ಬೆರಳು ಆಡಿಸಿ ಎಷ್ಟು ಮೈಕ್ರಾನ್ ಹೆಚ್ಚು, ಎಷ್ಟು ಕಡಿಮೆ ಎಂದು ಹೇಳುವವನು ಇವನೊಬ್ಬನೇ. ಇವನ ಬೆರಳಿಗೂ ಅಳತೆಯ ಉಪಕರಣಕ್ಕೂ ಜಗಳ ಬಂದರೆ ಉಪಕರಣವನ್ನು ರಿಪೇರಿಗೆ ಕಳಿಸುತ್ತಿದ್ದರಂತೆ. ಇದನ್ನು ಹೇಳಿದವನು ಇವನೇ. ಆದರೆ ಸುಳ್ಳಲ್ಲ.

ಕಾರ್ಖಾನೆ ಮುಚ್ಚಿದ ಮೇಲೂ ಮೈಕ್ರಾನ್‌ನ ದಿನಚರಿಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಿರಲಿಲ್ಲ. ಬೆಳಗ್ಗೆ ಐದೂವರೆಗೆ ಏಳುತ್ತಿದ್ದ. ಗಡ್ಡ ಹೆರೆದು, ನೀಲಿ ಸಮವಸ್ತ್ರ ತೊಟ್ಟು, ಬೂಟು ಬಿಗಿದು ಬಾಗಿಲ ಮೆಟ್ಟಿಲ ಮೇಲೆ ಕೂರುತ್ತಿದ್ದ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ಹೆಂಡತಿ ಏಳೂವರೆಗೆ ಅವನನ್ನು ದಾಟಿಕೊಂಡು ಹೋಗುತ್ತಿದ್ದಳು. ಆಮೇಲೆ ಇವನು ತನ್ನ ಹಳೆಯ ವರ್ನಿಯರ್ ಅಳತೆಗೋಲು ತೆಗೆದು ಬಾಗಿಲಿಗೂ ಚೌಕಟ್ಟಿಗೂ ನಡುವಿನ ಸಂದನ್ನು ಅಳೆದು, ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದ. ಸಂಜೆ ಮತ್ತೆ ಅಳೆಯುತ್ತಿದ್ದ. ಗೋಡೆ ಸೊಂಟದವರೆಗೆ ತುಂಬಿತ್ತು. ಹೆಂಡತಿ ಒಮ್ಮೆ ಅದನ್ನು ನೋಡಿ, ಬಾಗಿಲು ಏನಾದ್ರೂ ಬೆಳೀತಿದೆಯಾ ಅಂತ ಕೇಳಿದ್ದಳು. ಅವನ ತಾಯಿ ಒಳಗಿನಿಂದಲೇ, ಬೆಳೆದ ಮಗ ಕೂತಿದಾನೆ, ಬಾಗಿಲಾದ್ರೂ ಬೆಳೀಲಿ ಬಿಡು ಅಂದಿದ್ದಳು.

ಗಣತಿದಾರ ಬಂದದ್ದು ಹನ್ನೊಂದು ಗಂಟೆಗೆ. ಹೆಗಲಿಗೆ ಚೀಲ, ಚೀಲದಲ್ಲಿ ನಮೂನೆಗಳು, ಮುಖದಲ್ಲಿ ದಿನಕ್ಕೆ ಅರವತ್ತು ಮನೆ ಮುಗಿಸಬೇಕೆಂಬ ಆತುರ. ಎಂಟು ಪ್ರಶ್ನೆ ಕೇಳಿ ಒಂಬತ್ತನೆಯದಕ್ಕೆ ಬಂದ: ದುಃಖ ಎಷ್ಟಿದೆ?

ಇಲ್ಲಿ ಲೇತ್ ಕೆಲಸದ ಒಂದು ರಿವಾಜನ್ನು ಹೇಳಬೇಕಾಗುತ್ತದೆ. ತುಂಡು ಕಡೆದು ತಪಾಸಣೆ ಕೋಣೆಯ ಕಿಂಡಿಗೆ ಒಯ್ದಾಗ ಒಳಗಿನಿಂದ ಒಂದೇ ಪ್ರಶ್ನೆ ಬರುತ್ತದೆ, ಎಷ್ಟು ತಪ್ಪಿದೆ ಅಂತ. ಟರ್ನರ್ ಆದವನು ಕಣ್ಣು ಮಿಟುಕಿಸದೆ ಸೊನ್ನೆ ಅನ್ನಬೇಕು. ಸೊನ್ನೆ ಬಿಟ್ಟು ಬೇರೇನಾದರೂ ಅಂದರೆ ತುಂಡು ಗುಜರಿ ಡಬ್ಬಕ್ಕೆ, ಅವನ ಹೆಸರು ಕಪ್ಪು ಹಲಗೆಗೆ. ಇಪ್ಪತ್ತು ವರ್ಷ ಇದನ್ನೇ ಹೇಳಿ ಹೇಳಿ ಕಾಲೊನಿಯ ಗಂಡಸರ ನಾಲಿಗೆ ಆ ಅಚ್ಚಿಗೇ ಸವೆದಿತ್ತು. ಎಷ್ಟು ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಸೊನ್ನೆ ತಾನಾಗಿ ಹೊರಗೆ ಬೀಳುತ್ತಿತ್ತು. ಹೆಂಡತಿ ಅಕ್ಕಿ ಎಷ್ಟು ತರಲಿ ಎಂದರೂ ಮೊದಲು ಸೊನ್ನೆ ಅಂದು ಆಮೇಲೆ ಲೆಕ್ಕ ಹೇಳುವವರಿದ್ದರು.

ಹಾಗಾಗಿ ಇನ್ನೂರ ಹನ್ನೆರಡು ಮನೆಯೂ ಸೊನ್ನೆ ಅಂದಿತು. ಮೂಲೆಮನೆಯ ಮುದುಕನೊಬ್ಬ ಮಾತ್ರ ಕಿವಿ ಮಂದವಾಗಿ ಒಂದು ಅಂದುಬಿಟ್ಟು, ಮಾರನೇ ದಿನ ನೆರೆಯವರ ಮೂದಲಿಕೆ ತಾಳಲಾರದೆ ಇಲಾಖೆಗೆ ಹೋಗಿ ತಿದ್ದಿಸಿಕೊಂಡು ಬಂದ. ಮೈಕ್ರಾನ್ ಎಲ್ಲರಂತಲ್ಲ. ಅವನು ಸೊನ್ನೆ ದಶಮಾಂಶ ಸೊನ್ನೆ ಸೊನ್ನೆ ಸೊನ್ನೆ ಅಂತ ಮೂರು ಸ್ಥಾನದವರೆಗೆ ಹೇಳಿ, ಅದನ್ನು ಗಣತಿದಾರ ಬರೆದುಕೊಳ್ಳುವವರೆಗೂ ಬಿಡದೆ ನಿಂತ. ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಮಾತಿದೆ. ಈತ ಮಣ್ಣಾಗಿಲ್ಲವೆಂದು ಸರ್ಕಾರಿ ಕಾಗದದಲ್ಲೇ ದಾಖಲು ಮಾಡಿಸಿದ.

ನೇಕಾರರ ಬೀದಿಯ ಕಥೆ ಬೇರೆ. ಮಗ್ಗದಲ್ಲಿ ಎಳೆ ಹರಿದ ಕ್ಷಣ ಕೂಗಬೇಕು. ಬಾಯಿ ಮುಚ್ಚಿಕೊಂಡರೆ ಹತ್ತು ಗಜ ಬಟ್ಟೆ ಹಾಳು. ಅಲ್ಲಿಯವರಿಗೆ ನೋವಾಗುವುದಕ್ಕಿಂತ ಮೊದಲೇ ಕೂಗುವ ಅಭ್ಯಾಸ. ಗಣತಿದಾರ ಬೀದಿಯ ಬಾಯಿಗೆ ಬರುತ್ತಿದ್ದಂತೆ ಹತ್ತು, ಹತ್ತು ಎಂದು ಮಹಡಿಗಳಿಂದ ಕೂಗು ಬಿತ್ತು. ಪದವೀಧರರು ಮಾತ್ರ ಕಿಟಕಿ ಮುಚ್ಚಿಕೊಂಡು ನಮೂನೆಯನ್ನು ಪರೀಕ್ಷೆಯಂತೆ ತೆಗೆದುಕೊಂಡರು. ಸಮಯ ಎಷ್ಟು, ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರಾ ಎಂದು ವಿಚಾರಿಸಿ, ಹೆಚ್ಚುವರಿ ಹಾಳೆ ಕೇಳಿ ಪಡೆದು, ಸರಾಸರಿ ಆರೂವರೆ ಗಳಿಸಿ, ಅರ್ಧದಷ್ಟು ಮಂದಿ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿದರು.

ಈ ಅಂಕಿಗಳನ್ನು ಉಪನಿರ್ದೇಶಕರು ಕೂಲಂಕಷವಾಗಿ ಪರಿಶೀಲಿಸಿ ವರದಿ ಸಿದ್ಧಪಡಿಸಿದರು. ನಿರುದ್ಯೋಗದಿಂದ ದುಃಖ ಬರುವುದಿದ್ದರೆ ಲೇತ್ ಕಾಲೊನಿಗೂ ಬರಬೇಕಿತ್ತು, ಬಂದಿಲ್ಲ, ಆದಕಾರಣ ದುಃಖಕ್ಕೂ ನಿರುದ್ಯೋಗಕ್ಕೂ ಸಂಬಂಧವಿಲ್ಲ, ನೇಕಾರರ ದುಃಖಕ್ಕೆ ಬೀದಿಯ ಕಿರಿದಾದ ಅಗಲವೇ ಕಾರಣವಿರಬಹುದು ಎಂದು ಅದರಲ್ಲಿತ್ತು. ಲೇತ್ ಕಾಲೊನಿಗೆ ಮಂಜೂರಾಗಿದ್ದ ಸಾಂತ್ವನ ಕೇಂದ್ರ ಅನವಶ್ಯಕವೆಂದು ಕಂಡುಬಂದದ್ದರಿಂದ ಅದನ್ನು, ಮೇಜು, ಹವಾನಿಯಂತ್ರಕ, ಮೆತ್ತನೆಯ ಸೋಫಾ ಸಮೇತ, ಹೆಚ್ಚು ಅವಶ್ಯಕತೆಯಿದ್ದ ಕಡೆಗೆ ಸ್ಥಳಾಂತರಿಸಲಾಯಿತು. ಆ ಅವಶ್ಯಕತೆ ಇದ್ದ ಕಡೆ ಉಪನಿರ್ದೇಶಕರ ಮನೆಯ ಮೊದಲ ಮಹಡಿಯಾಗಿತ್ತು.

ವರದಿಯ ಮುಖಪುಟದಲ್ಲಿ ಮೈಕ್ರಾನ್‌ನ ಭಾವಚಿತ್ರ ಬಂತು. ವಾರದೊಳಗೆ ಅವನ ಬಾಗಿಲಿಗೆ ತಗಡಿನ ಹಲಗೆಯೊಂದನ್ನು ಹೊಡೆದರು:

"ಈ ಮೂಲಕ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ಇಲ್ಲಿ ಮಾದರಿ ನಿರುದ್ಯೋಗಿ ವಾಸವಾಗಿದ್ದಾರೆ. ಭೇಟಿಯ ಸಮಯ ಹತ್ತರಿಂದ ಐದು. ವೀಕ್ಷಕರು ಮೂರು ಅಡಿ ದೂರದಲ್ಲಿ ನಿಲ್ಲತಕ್ಕದ್ದು. ಮಾದರಿಗೆ ತಿನಿಸು ಕೊಡಕೂಡದು."

ಮೈಕ್ರಾನ್‌ಗೆ ಹಿಗ್ಗೋ ಹಿಗ್ಗು. ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದರೂ ಕಪ್ಪು ಹಲಗೆಯ ಮೇಲೆ ಹೆಸರು ಬರದ ಹಾಗೆ ನೋಡಿಕೊಂಡಿದ್ದವನು, ಈಗ ಹಲಗೆಯ ಕೆಳಗೇ ಕೂತ. ಬೇರೆ ಬೀದಿಯ ದುಃಖಿಗಳನ್ನು ಇಲಾಖೆಯ ಬಸ್ಸಿನಲ್ಲಿ ತುಂಬಿ ತರುತ್ತಿದ್ದರು. ಅವರು ಮೂರು ಅಡಿ ದೂರದಲ್ಲಿ ನಿಂತು, ಕೆಲಸವಿಲ್ಲದೆಯೂ ಮನುಷ್ಯ ಹೇಗೆ ಬೆನ್ನು ನೆಟ್ಟಗಿಟ್ಟು ಕೂರಬಹುದು ಎಂಬುದನ್ನು ನೋಡಿಕೊಂಡು ಹೋಗುತ್ತಿದ್ದರು. ಮಾದರಿಯಾದವನು ಮುಖ ಗಂಟಿಕ್ಕಬೇಕಾದರೆ ಅರ್ಧ ದಿನದ ರಜೆ ಹಾಕಬೇಕಿತ್ತು. ಅವನ ತಾಯಿ ಮಾತ್ರ ಬಂದವರಿಗೆ, ಒಳಗೂ ಬನ್ನಿ, ಮಾದರಿಯ ಹೆಂಡತಿ ತೊಳೆಯೋ ಪಾತ್ರೆ ತೋರಿಸ್ತೀನಿ, ಅದಕ್ಕೆ ದೂರದ ನಿಯಮ ಇಲ್ಲ ಅನ್ನುತ್ತಿದ್ದಳು.

ಹಾಗೆ ಬಂದವರಲ್ಲಿ ನೇಕಾರರ ಬೀದಿಯವನೊಬ್ಬ ಗುರುತಾದ. ಮಗ್ಗದಲ್ಲಿ ನೂಲು ಹೊತ್ತು ಓಡುವ ಲಾಳಿಯ ಹಾಗೆ ಬೀದಿಯ ಈ ತುದಿಯಿಂದ ಆ ತುದಿಗೆ ಓಡಾಡುವುದೇ ಉದ್ಯೋಗವಾದ್ದರಿಂದ ಅವನನ್ನು ಲಾಳಿ ಎನ್ನುತ್ತಿದ್ದರು. ಹತ್ತಕ್ಕೆ ಹತ್ತು ತೆಗೆದ ಆಸಾಮಿ. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಇಷ್ಟು ದುಃಖ ಇರುವವನು ಹೀಗೆ ನಗೋದು ಹೇಗಯ್ಯಾ ಎಂದು ಮೈಕ್ರಾನ್ ಕೇಳಿದ್ದಕ್ಕೆ, ಕೂಗಿಬಿಟ್ಟ ಮೇಲೆ ಒಳಗೆ ಜಾಗ ಆಗುತ್ತಲ್ಲ ಅಂದ. ಮೈಕ್ರಾನ್ ಅವನನ್ನು ಕನಿಕರದಿಂದ ನೋಡಿದ.

ವಿಷಯ ಇಷ್ಟಕ್ಕೇ ನಿಂತಿದ್ದರೆ ಎಲ್ಲ ಸರಿಯಾಗಿಯೇ ಇತ್ತು. ಒಂದು ಬುಧವಾರ ಪಂಪ್ ಸಾಹುಕಾರ ಬಂದ. ನೀರೆತ್ತುವ ಪಂಪುಗಳ ಬಿಡಿಭಾಗ ಮಾಡುವ ವರ್ಕ್‌ಶಾಪಿನ ಮಾಲೀಕ. ಆರು ಜನ ಕೆಲಸದವರು, ಏಳನೆಯ ಲೇತ್ ಆಳಿಲ್ಲದೆ ನಿಂತಿತ್ತು. ಅವನು ಮೂರು ಅಡಿಯ ನಿಯಮ ಮುರಿದು ಹತ್ತಿರ ಬಂದು ಜೇಬಿನಿಂದ ಉಕ್ಕಿನ ಸಣ್ಣ ತುಂಡೊಂದನ್ನು ತೆಗೆದು ಮೈಕ್ರಾನ್‌ನ ಕೈಗಿಟ್ಟ. ಮೈಕ್ರಾನ್ ಹೆಬ್ಬೆರಳು ಆಡಿಸಿದ. ಒಂದು ಕಡೆ ಎಂಟು ಮೈಕ್ರಾನ್ ಸವೆದಿದೆ, ಹೀಗೆ ಕೂರಿಸಿದರೆ ಪಂಪು ಕೆಮ್ಮುತ್ತೆ ಅಂದ. ಸಾಹುಕಾರ ಎಂಟೇ ಅಂತ ತಲೆಯಾಡಿಸಿ, ಸೋಮವಾರ ಬೆಳಗ್ಗೆ ಎಂಟಕ್ಕೆ ಬಂದು ಯಂತ್ರದ ಮುಂದೆ ನಿಲ್ಲಬೇಕು, ಬರದಿದ್ದರೆ ಇನ್ನೊಬ್ಬನನ್ನು ನೋಡಿಕೊಳ್ಳುತ್ತೇನೆ ಎಂದು ಹೇಳಿ ಹೋದ.

ಅಂದು ಮೈಕ್ರಾನ್ ಯಾರ ಮುಂದೆಯೂ ಜಂಭ ಕೊಚ್ಚಲಿಲ್ಲ. ಮನೆಯವರಿಗೆ ಗಾಬರಿಯಾಗಿದ್ದೇ ಅದಕ್ಕೆ. ಸಂಜೆ ಎರಡನೇ ಸಲ ಗಡ್ಡ ಹೆರೆದುಕೊಂಡ. ಬಾಗಿಲ ಸಂದು ಅಳೆಯುವುದನ್ನು ಮರೆತ. ಊಟಕ್ಕೆ ಕೂತಾಗ ತುಂಬಿದ ಲೋಟಕ್ಕೇ ಮತ್ತೆ ನೀರು ಬಗ್ಗಿಸಿ ಚೆಲ್ಲಿದ. ಹೆಂಡತಿ ನೋಡಿಯೂ ನೋಡದವಳಂತೆ ಎದ್ದು, ಅವನ ನೀಲಿ ಅಂಗಿಯನ್ನು ಇಸ್ತ್ರಿ ಮಾಡಲು ಕೂತಳು. ಕಾಲರನ್ನು ಮೂರು ಸಲ ತಿಕ್ಕಿದಳು.

ಗುರುವಾರ ಬೆಳಗ್ಗೆ ಇಲಾಖೆಗೆ ಹೋಗಿ, ತನಗೆ ಕೆಲಸ ಸಿಕ್ಕಿದೆ, ಹಲಗೆಯನ್ನು ಬಿಚ್ಚಿಕೊಳ್ಳಬಹುದು ಎಂದ. ಕೌಂಟರಿನ ಗುಮಾಸ್ತೆ ಪೆನ್ನು ಕೆಳಗಿಟ್ಟಳು. ಇಂಥ ಅರ್ಜಿ ಇಲಾಖೆಯ ಚರಿತ್ರೆಯಲ್ಲೇ ಬಂದಿರಲಿಲ್ಲ. ಅವನನ್ನು ಉಪನಿರ್ದೇಶಕರ ಬಳಿಗೆ ಒಯ್ದರು. ಡಬ್ಬಿಯ ಪಕ್ಕದಲ್ಲಿ ನಿಲ್ಲಿಸಿದರು.

ಉಪನಿರ್ದೇಶಕರು ಬಹಳ ಸಂತೋಷಪಟ್ಟರು. ಸಂತೋಷಪಟ್ಟ ಮೇಲೆ ನಿಯಮ ಹದಿನಾಲ್ಕನ್ನು ಓದಿದರು. ಅದರ ಪ್ರಕಾರ ಮಾದರಿ ನಿರುದ್ಯೋಗಿಯು ಬಿಡುಗಡೆ ಆದೇಶವಿಲ್ಲದೆ ಯಾವುದೇ ಉದ್ಯೋಗಕ್ಕೆ ಸೇರಕೂಡದು. ಮೀರಿ ಸೇರಿಸಿಕೊಂಡ ಮಾಲೀಕನ ಪರವಾನಗಿ ರದ್ದಾಗತಕ್ಕದ್ದು. ಬಿಡುಗಡೆ ಆದೇಶ ಬೇಕಾದರೆ ಮನಸ್ಸು ಗುಣವಾಗಿದೆ ಎಂಬ ಪ್ರಮಾಣಪತ್ರ ಬೇಕು. ಗುಣವಾಗಿದೆ ಅನ್ನಬೇಕಾದರೆ ಮೊದಲು ಕೆಟ್ಟಿರಬೇಕು, ಕನಿಷ್ಠ ನಾಲ್ಕು ಅಂಕದಷ್ಟು.

"ನಿಮಗೆ ದುಃಖವೇ ಇಲ್ಲ," ಅಂದರು ಉಪನಿರ್ದೇಶಕರು, ಅವನದೇ ಭಾವಚಿತ್ರವಿದ್ದ ಮುಖಪುಟವನ್ನು ಅವನ ಕಡೆ ತಿರುಗಿಸಿ. "ಬಾರದ ಜ್ವರ ಬಿಟ್ಟಿತು ಅಂತ ನಾನು ಹೇಗೆ ರುಜು ಹಾಕಲಿ? ನನ್ನ ಮನಸ್ಸಾಕ್ಷಿ ಒಪ್ಪುತ್ತಾ, ನೀವೇ ಹೇಳಿ."

ಮೈಕ್ರಾನ್ ಯೋಚಿಸಿ, ಒಪ್ಪುವುದಿಲ್ಲ ಎಂದ. ನ್ಯಾಯವಾದ ಮಾತಿಗೆ ಅವನು ಎಂದೂ ಎದುರಾಡಿದವನಲ್ಲ. ಶನಿವಾರ ಆಪ್ತಸಮಾಲೋಚಕಿಯ ಮುಂದೆ ಮರುತಪಾಸಣೆ ಎಂದು ಚೀಟಿ ಕೊಟ್ಟರು. ನಾಲ್ಕು ಅಂಕ ಬಂದರೆ ಅಲ್ಲೇ ಚಿಕಿತ್ಸೆ, ಅಲ್ಲೇ ಗುಣ, ಅಲ್ಲೇ ಆದೇಶ. ಸೋಮವಾರ ಲೇತ್.

ಶುಕ್ರವಾರ ಅವನು ನೇಕಾರರ ಬೀದಿಗೆ ಹೋದ. ಲಾಳಿಯನ್ನು ಪಕ್ಕಕ್ಕೆ ಕರೆದು, ಈ ದುಃಖ ಹೇಳಿಕೊಳ್ಳೋದು ಹೇಗೆ ಅಂತ ಒಂದಿಷ್ಟು ತೋರಿಸಿಕೊಡು ಎಂದು ಕೇಳಿದ. ಹುಲಿ ಬಂದು ಬೆಕ್ಕಿನ ಹತ್ತಿರ ಮಿಯಾಂವ್ ಕಲಿಯುತ್ತಿದೆ ಎಂದು ಮಹಡಿಯಿಂದ ಒಬ್ಬಳು ಮುದುಕಿ ಅಂದಳು. ಲಾಳಿ ಅವನನ್ನು ಬೀಗ ತೆಗೆದ ಮಗ್ಗದ ಶೆಡ್ಡಿಗೆ ಕರೆದೊಯ್ದ. ಧೂಳು ಹಿಡಿದ ಮಗ್ಗದ ಮೇಲೆ ಉಳಿದಿದ್ದ ಒಂದೆಳೆಯನ್ನು ಪಟ್ಟನೆ ಹರಿದು, ಈಗ ಕೂಗು ಅಂದ.

ಮೈಕ್ರಾನ್ ಬಾಯಿ ತೆರೆದ. ಏನೂ ಬರಲಿಲ್ಲ.

ಮಧ್ಯಾಹ್ನದವರೆಗೆ ಅಭ್ಯಾಸ ನಡೆಯಿತು. ಲಾಳಿ ಗಣತಿದಾರನಾಗಿ ದುಃಖ ಎಷ್ಟಿದೆ ಎಂದು ಕೇಳುವುದು, ಮೈಕ್ರಾನ್ ಸೊನ್ನೆ ಎನ್ನುವುದು. ನಾಲ್ಕು ಅನ್ನೋಕೆ ಏನಪ್ಪಾ ನಿನಗೆ ದಾಡಿ ಎಂದು ಲಾಳಿ ತಲೆ ಚಚ್ಚಿಕೊಂಡ. ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಕೂಗನ್ನು ಮಾದರಿಗೆಂದು ಕೂಗಿ ತೋರಿಸಿ, ಹಗುರಾಗಿ, ಮನೆಗೆಲಸಕ್ಕೆ ಹೋದರು. ಕೊನೆಗೆ ಲಾಳಿ ಸೋತು ಮಗ್ಗದ ಹಲಗೆಯ ಮೇಲೆ ಕೂತ.

"ನೋಡು, ಅಂಕ ಹೇಳ್ಬೇಡ. ನಿನ್ನ ಕೈಲಿ ಅದು ಆಗಲ್ಲ. ದಿನಾ ಏನು ಮಾಡ್ತೀಯೋ ಅದನ್ನ ಹೇಳು. ಲೆಕ್ಕ ಅವರು ಹಾಕ್ಕೊಳ್ಲಿ."

ಶನಿವಾರ ಆಪ್ತಸಮಾಲೋಚಕಿಯ ಕೋಣೆ. ಗೋಡೆಗೆ ತಿಳಿಹಸಿರು ಬಣ್ಣ, ಮೇಜಿನ ಮೇಲೆ ದಾರ ಕಟ್ಟಿದ ಪೆನ್ನು, ಮೂಲೆಯಲ್ಲಿ ಸರದಿಗಾಗಿ ಕಾಯುತ್ತಿದ್ದ ಕಡತಗಳ ರಾಶಿ. ಸಮಾಲೋಚಕಿಗೆ ಗುತ್ತಿಗೆಯ ಕೆಲಸ; ತಿಂಗಳ ಕೊನೆಗೆ ಅದೂ ಮುಗಿಯುವುದಿತ್ತು. ತಲೆಯೆತ್ತದೆ, ಹೇಳಿ ಎಂದಳು. ಮೈಕ್ರಾನ್ ನಿಂತೇ ಇದ್ದ. ಕೂರಿ ಎಂದಳು. ಕೂತ. ತಪಾಸಣೆ ಕಿಂಡಿಯ ಮುಂದೆ ನಿಂತವನ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡ.

"ಬೆಳಗ್ಗೆ ಐದೂವರೆಗೆ ಎಚ್ಚರ ಆಗುತ್ತೆ ಮೇಡಂ. ಸೈರನ್ ಇಲ್ಲ, ಆದ್ರೂ ಆಗುತ್ತೆ. ಬೂಟು ಹಾಕ್ಕೊಂಡು ಬಾಗಿಲಲ್ಲಿ ಕೂರ್ತೀನಿ. ಏಳೂವರೆಗೆ ನನ್ನ ಹೆಂಡತಿ ಕೆಲಸಕ್ಕೆ ಹೋಗ್ತಾಳೆ. ಆಗ ನಾನು ಕಾಲು ಹೀಗೆ ಒಳಗೆ ಎಳ್ಕೊಂಡು ದಾರಿ ಬಿಡ್ತೀನಿ. ಹದಿನೆಂಟು ತಿಂಗಳಿಂದ ನಾನು ಮಾಡಿರೋ ಕೆಲಸ ಅದೊಂದೇ. ದಾರಿ ಬಿಡೋದು."

ಪೆನ್ನು ನಿಂತಿತು. ಅವನು ಮುಂದುವರಿಸಿದ. ಬಾಗಿಲ ಸಂದು ಮಳೆಗಾಲದಲ್ಲಿ ಮುನ್ನೂರು ಮೈಕ್ರಾನ್ ಕಡಿಮೆಯಾಗುವುದನ್ನೂ, ಅದು ಕಡಿಮೆಯಾದ ದಿನ ಏನೋ ಸಾಧಿಸಿದ ಹಾಗೆ ಅನಿಸುವುದನ್ನೂ, ಹೆಂಡತಿ ಮಲಗಿದ ಮೇಲೆ ಸೂಜಿ ಚುಚ್ಚಿ ಗಟ್ಟಿಯಾದ ಅವಳ ಬೆರಳ ತುದಿಯನ್ನು ಮುಟ್ಟಿ ಅಳೆಯುವುದನ್ನೂ, ಆ ಗಂಟು ಈ ವರ್ಷ ಎಷ್ಟು ದಪ್ಪವಾಗಿದೆ ಎಂಬುದನ್ನೂ ದಶಮಾಂಶದಲ್ಲಿ ಹೇಳಿದ. ಹೊರಗೆ ಕಾರಿಡಾರಿನಲ್ಲಿ ಟೈಪು ಮಾಡುತ್ತಿದ್ದವರು ಒಬ್ಬೊಬ್ಬರಾಗಿ ಕೈ ನಿಲ್ಲಿಸಿದರು. ಸಮಾಲೋಚಕಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು, ಕಾಲಂನಲ್ಲಿ ಒಂಬತ್ತು ಎಂದು ಬರೆದಳು. ಹೊರಗೆ ಬರುವಾಗ ಮೈಕ್ರಾನ್‌ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಲಾಳಿ ಹೇಳಿದ ಹಾಗೆ ಒಳಗೆ ನಿಜವಾಗಿಯೂ ಜಾಗ ಆಗಿತ್ತು. ಆ ಜಾಗದಲ್ಲಿ ಒಂದು ಲೇತನ್ನು ನಿಲ್ಲಿಸಬಹುದಿತ್ತು.

ಕಡತ ಅಂದೇ ಅಂಕಗಳನ್ನು ಪರಿಷ್ಕರಿಸುವ ಸಮಿತಿಗೆ ಹೋಯಿತು. ಸಮಿತಿಯಲ್ಲಿ ಉಪನಿರ್ದೇಶಕರೊಬ್ಬರೇ ಇದ್ದದ್ದರಿಂದ ತೀರ್ಮಾನ ಸರ್ವಾನುಮತದ್ದಾಗಿತ್ತು. ಮೇಲ್ಕಂಡ ವ್ಯಕ್ತಿಯ ಹೇಳಿಕೆಯನ್ನು ಪರಿಶೀಲಿಸಲಾಗಿ, ತನ್ನ ದುಃಖವನ್ನು ಇಷ್ಟು ಕ್ರಮಬದ್ಧವಾಗಿ, ದಶಮಾಂಶ ಸಮೇತ, ಕಣ್ಣೀರಿಲ್ಲದೆ ವಿವರಿಸಬಲ್ಲವನ ಮನಸ್ಸು ಅತ್ಯುತ್ತಮ ಸ್ಥಿತಿಯಲ್ಲಿರುವುದು ಕಂಡುಬಂದಿರುತ್ತದೆ. ಅತ್ತವರು ಸಮಾಲೋಚಕಿ; ಆದ್ದರಿಂದ ಸದರಿ ಒಂಬತ್ತು ಅಂಕಗಳನ್ನು ಅವರ ಖಾತೆಗೆ ವರ್ಗಾಯಿಸಿ, ಅರ್ಜಿದಾರರ ಅಂಕವನ್ನು ಸೊನ್ನೆಯಲ್ಲಿಯೇ ಮುಂದುವರಿಸಲು ಆದೇಶಿಸಿದೆ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನವನ್ನು ಎಲ್ಲರೂ ನೋಡಿದ್ದಾರೆ. ಕರುವಿಗೆ ಹೆಸರಿಟ್ಟು, ಮೊಹರು ಒತ್ತಿ, ಪ್ರತಿಯನ್ನು ಎತ್ತಿಗೂ ಕಳಿಸುವವರು ಮಾತ್ರ ಇಲಾಖೆಯಲ್ಲೇ ಸಿಗುತ್ತಾರೆ. ಮೈಕ್ರಾನ್ ಆ ಕಾಗದವನ್ನು ಭಾನುವಾರ ಇಡೀ ಓದಿದ. ಸೋಮವಾರ ಐದೂವರೆಗೆ ಎದ್ದು, ಇಸ್ತ್ರಿಯಾದ ಅಂಗಿ ತೊಟ್ಟು, ಹಲಗೆಯ ಕೆಳಗೆ ಕೂತ. ಏಳೂವರೆಗೆ ಹೆಂಡತಿ ಬಾಗಿಲಿಗೆ ಬಂದಾಗ ಕಾಲು ಒಳಗೆ ಎಳೆದುಕೊಂಡ. ಅವಳು ದಾಟಲಿಲ್ಲ. ಸ್ವಲ್ಪ ಹೊತ್ತು ಅವನ ಪಕ್ಕ ಮೆಟ್ಟಿಲ ಮೇಲೆ ಕೂತಳು. ಅಂದು ಅವಳಿಗೆ ಕಾಲು ಗಂಟೆ ತಡವಾಗಿ, ಅರ್ಧ ದಿನ ಗೈರುಹಾಜರಿ ಬಿತ್ತು.

ಎಂಟೂಕಾಲಿಗೆ ಪಂಪ್ ಸಾಹುಕಾರ ಸಿಟ್ಟಿನಿಂದ ಬಂದ. ವಿಷಯ ತಿಳಿದು ಇನ್ನಷ್ಟು ಸಿಟ್ಟಾಗಿ, ಮೈಕ್ರಾನ್‌ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಇಲಾಖೆಗೇ ನುಗ್ಗಿದ. ಉಪನಿರ್ದೇಶಕರ ಕೋಣೆಯ ಬಾಗಿಲು ಮುಚ್ಚಿತು. ಇಪ್ಪತ್ತು ನಿಮಿಷ ಯಾರ ದನಿಯೂ ಕೇಳಲಿಲ್ಲ. ಆಮೇಲೆ ಊಟದ ಡಬ್ಬಿ ಹೊರಗೆ ಬಂತು. ಸಾಹುಕಾರನಿಗೆ ಕುರ್ಚಿ ಸಿಕ್ಕಿತ್ತು. ಕಾರಿಡಾರಿನಲ್ಲಿದ್ದವರಿಗೆ ಇದರಿಂದಲೇ ಕೆಲಸ ಆಯಿತೆಂದು ತಿಳಿಯಿತು.

ಹನ್ನೆರಡು ಗಂಟೆಗೆ ಶ್ರಮಚಿಕಿತ್ಸಾ ಯೋಜನೆ ಜಾರಿಗೆ ಬಂತು. ಅದರಂತೆ ಮಾದರಿ ನಿರುದ್ಯೋಗಿಯು ತನ್ನ ಮನಸ್ಸಿನ ಸುಸ್ಥಿತಿಯನ್ನು ಕಾಪಾಡಿಕೊಳ್ಳುವ ಸಲುವಾಗಿ ದಿನಕ್ಕೆ ಎಂಟು ಗಂಟೆ ಲೇತ್ ಯಂತ್ರದ ಮುಂದೆ ನಿಂತು ಚಿಕಿತ್ಸೆ ಪಡೆಯಬಹುದು. ಚಿಕಿತ್ಸೆಯ ಅವಧಿಯಲ್ಲಿ ಉತ್ಪತ್ತಿಯಾಗುವ ಬಿಡಿಭಾಗಗಳನ್ನು ಚಿಕಿತ್ಸಾಲಯದ ಮಾಲೀಕರು ವಿಲೇವಾರಿ ಮಾಡತಕ್ಕದ್ದು. ರೋಗಿಗೆ ಸಂಬಳ ಕೊಡಕೂಡದು. ಕೊಟ್ಟರೆ ಅವನು ಉದ್ಯೋಗಿಯಾಗಿಬಿಡುತ್ತಾನೆ, ಉದ್ಯೋಗಿಗಳ ಮನಸ್ಸು ಈ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ. ರೋಗಿಯೊಬ್ಬನಿಗೆ ಇಂತಿಷ್ಟೆಂದು ಆರೈಕೆ ವೆಚ್ಚವನ್ನು ಇಲಾಖೆಯು ಮಾಲೀಕರಿಗೆ ಪಾವತಿಸುವುದು.

ಆದೇಶವನ್ನು ಮೈಕ್ರಾನ್‌ಗೆ ಓದಿ ಹೇಳಿದರು. ಅವನ ಕಿವಿಗೆ ಬಿದ್ದದ್ದು ಲೇತ್ ಎಂಬ ಒಂದೇ ಮಾತು. ಎಲ್ಲಿ ರುಜು ಹಾಕಬೇಕು ಅಂದ.

ಒಂದೂವರೆಗೆ ಅವನು ಯಂತ್ರದ ಮುಂದೆ ನಿಂತಿದ್ದ. ಸುರುಳಿ ಸುರುಳಿಯಾಗಿ ಉಕ್ಕು ಎದ್ದು ಬೀಳುವುದನ್ನು ಹದಿನೆಂಟು ತಿಂಗಳ ಮೇಲೆ ನೋಡಿದ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಕೈ ಓಡಿತು. ಐದಕ್ಕೆ ಗಂಟೆ ಹೊಡೆದರೂ ಯಂತ್ರ ನಿಲ್ಲಿಸಲಿಲ್ಲ. ಚಿಕಿತ್ಸೆ ಹೆಚ್ಚಾದರೆ ತೊಂದರೆ ಏನಿಲ್ಲ ಎಂದು ಸಾಹುಕಾರ ದೀಪ ಹಾಕಿಸಿದ. ಮನೆಗೆ ಬಂದಾಗ ಮೈಗೆ ಗ್ರೀಸಿನ ವಾಸನೆ ಇತ್ತು, ಮಾತಿಗೆ ಹಳೆಯ ಜಂಭ ಬಂದಿತ್ತು. ಊಟ ಮಾಡುತ್ತ, ಆ ಆರು ಜನ ಕಡೆಯೋದನ್ನ ನೋಡಿದೆ, ಮರ ಕೆರೆಯೋ ಅಳಿಲು ವಾಸಿ ಅಂದ. ನೀರು ಚೆಲ್ಲಲಿಲ್ಲ. ಆ ಇರುಳು ಕಿವಿಯಲ್ಲಿ ಸೈರನ್ ಮೊಳಗದ ನಿದ್ದೆ ಮಾಡಿದ. ಯೋಜನೆಯಿಂದ ಪ್ರಯೋಜನವಾಯಿತೇ ಎಂದು ಕೇಳಿದರೆ, ಆಯಿತು ಎಂದೇ ಹೇಳಬೇಕು.

ತಾಯಿಗೆ ಮಾತ್ರ ಇದು ಕಬ್ಬಿಣದ ಕಡಲೆಯಾಯಿತು.

"ಕೆಲಸ ಇದೆ ಅಂತೀಯ, ಸಂಬಳ ಇಲ್ಲ ಅಂತೀಯ. ಹಾಗಾದ್ರೆ ನೀನು ಹೋಗೋದು ಎಲ್ಲಿಗೆ?"

"ಆಸ್ಪತ್ರೆಗೆ ಅಂದ್ಕೊಳಮ್ಮ," ಅಂದ ಮೈಕ್ರಾನ್. "ದುಡ್ಡು ಕೊಡದೆ ಯಾವ ಆಸ್ಪತ್ರೆಲಿ ಹೀಗೆ ನೋಡ್ಕೋತಾರೆ?"

ತಿಂಗಳೊಳಗೆ ಸಾಹುಕಾರನಿಗೆ ತನ್ನ ಉಳಿದ ಆರು ಜನರ ಮನಸ್ಸಿನ ಬಗ್ಗೆ ಚಿಂತೆ ಹತ್ತಿತು. ಸಂಬಳ ಪಡೆಯುತ್ತಿದ್ದವರಾದ್ದರಿಂದ ಅವರಿಗೆ ಯಾವ ಆರೈಕೆಯೂ ಸಿಗುತ್ತಿರಲಿಲ್ಲ. ಅವರನ್ನು ಒಂದು ಶುಕ್ರವಾರ ಕೆಲಸದಿಂದ ತೆಗೆದು, ಶನಿವಾರ ಚಿಕಿತ್ಸೆಗೆ ಸೇರಿಸಿಕೊಂಡ. ಒಬ್ಬ ಮಾತ್ರ ಗೊಣಗಿದ. ಅವನನ್ನು ಚಿಕಿತ್ಸೆಗೆ ಸ್ಪಂದಿಸದ ರೋಗಿಯೆಂದು ಗುರುತಿಸಿ ಹೊತ್ತು ಮೀರಿ ನಿಲ್ಲಿಸಿದರು. ಊರಿನ ಬೇರೆ ಮಾಲೀಕರೂ ಕಲ್ಲೆದೆಯವರಲ್ಲ. ನಿಂತ ಮಗ್ಗಗಳು ಸದ್ದು ಮಾಡಿದವು. ಲಾಳಿಗೆ ಗುಣವಾಗುವವರೆಗೆ ದಿನಕ್ಕೆ ಹತ್ತು ಗಂಟೆ ನೇಯಲು ಬರೆದುಕೊಟ್ಟರು. ಪದವೀಧರರಿಗೆ ಕಡತ ಬರೆಯುವ ಚಿಕಿತ್ಸೆ. ಅದಕ್ಕೆ ಪ್ರವೇಶ ಪರೀಕ್ಷೆ ಇಟ್ಟಿದ್ದರಿಂದ ಅವರಿಗೂ ಸಮಾಧಾನವಾಯಿತು. ಗುತ್ತಿಗೆ ಮುಗಿದ ಆಪ್ತಸಮಾಲೋಚಕಿಗೆ ವರ್ಗಾವಣೆಯಾದ ಒಂಬತ್ತು ಅಂಕಗಳು ಉಪಯೋಗಕ್ಕೆ ಬಂದವು. ಅವಳು ಅದೇ ಹಸಿರು ಕೋಣೆಯಲ್ಲಿ, ಅದೇ ಕುರ್ಚಿಯ ಮೇಲೆ, ರೋಗಿಯಾಗಿ ಮುಂದುವರಿದಳು. ಊರಿನ ಸರಾಸರಿ ದುಃಖ ಸಾರ್ವಕಾಲಿಕ ಕನಿಷ್ಠಕ್ಕೆ ಇಳಿಯಿತು. ಹೊರಗಿನ ಊರುಗಳಿಂದ ತಂಡಗಳು ಬಂದು ನೋಡಿಕೊಂಡು ಹೋದವು.

ಮೈಕ್ರಾನ್‌ನ ಮನೆ ಅಷ್ಟು ದಿನವೂ ಹೆಂಡತಿಯ ಸಂಬಳದ ಮೇಲೆ ನಿಂತಿತ್ತು. ಒಂದು ಸಂಜೆ ಅವಳು ಕೈಯಲ್ಲಿ ಕಾಗದ ಹಿಡಿದು ಬಂದಳು. ಮೂರನೇ ಸಾಲಿನ ನಲವತ್ತು ಹೊಲಿಗೆಯವರನ್ನು ನಾಲ್ಕು ಗಂಟೆಗೆ ಒಟ್ಟಿ ನಿಲ್ಲಿಸಿ, ಚಪ್ಪಾಳೆ ತಟ್ಟಿ, ಕೆಲಸದಿಂದ ಬಿಡುಗಡೆ ಮಾಡಿದ್ದರು. ಸೋಮವಾರದಿಂದ ಅವರವರ ಯಂತ್ರದಲ್ಲೇ ಚಿಕಿತ್ಸೆ. ಅರ್ಜಿ ತುಂಬಿಕೊಂಡು ಬರಬೇಕು.

ಅವಳು ಅದನ್ನು ಚಾಪೆಯ ಮೇಲೆ ಹಾಸಿ, ದುಃಖ ಎಷ್ಟಿದೆ ಅಂತ ಕೇಳುವ ಒಂಬತ್ತನೇ ಕಾಲಂನಲ್ಲಿ ಏನು ಬರೀಬೇಕು ಅಂದಳು.

ಮೈಕ್ರಾನ್ ಪೆನ್ನು ತೆಗೆದುಕೊಂಡ. ಈ ನಮೂನೆಯನ್ನು ಅವನಷ್ಟು ಬಲ್ಲವರು ಊರಿನಲ್ಲಿ ಯಾರೂ ಇರಲಿಲ್ಲ. ಅಕ್ಕಪಕ್ಕದವರು ಅವನ ಹತ್ತಿರವೇ ತುಂಬಿಸಿಕೊಂಡು ಹೋಗುತ್ತಿದ್ದರು. ನಾಲ್ಕು ಬರಿ ಎಂದ. ಮಾದರಿಯಲ್ಲದವರನ್ನು ಅದಕ್ಕಿಂತ ಕಡಿಮೆಗೆ ಸೇರಿಸಿಕೊಳ್ಳೋದಿಲ್ಲ, ಆರು ದಾಟಿದರೆ ಎಂಟರ ಬದಲು ಹತ್ತು ಗಂಟೆ ಬರೆದುಕೊಡ್ತಾರೆ. ಅವಳು ಅವನ ಮುಖ ನೋಡಿ, ಪೆನ್ನು ಇಸಿದುಕೊಂಡು ನಾಲ್ಕು ಬರೆದಳು. ಅವಳ ಅಕ್ಷರ ಚೆನ್ನಾಗಿದೆಯೆಂದು ಅವನು ಮೆಚ್ಚಿಕೊಂಡ.

ಹಾಗಾದರೆ ಮನೆಗೆ ಅಕ್ಕಿ ಯಾರು ತರೋದು ಅಂತ ತಾಯಿ ಕೇಳಿದಳು. ಹಸಿವು ಬೇರೆ ಇಲಾಖೆಗೆ ಸೇರಿದ್ದು, ಅದು ಎರಡನೇ ಮಹಡಿ ಎಂದು ಮೈಕ್ರಾನ್ ವಿವರಿಸಿದ. ತಾಯಿ ಅಡುಗೆಮನೆಯ ಖಾಲಿ ಡಬ್ಬಗಳನ್ನು ಒಂದೊಂದಾಗಿ ಮುಚ್ಚಿಟ್ಟು ಬಂದು ಅವರ ಪಕ್ಕ ಕೂತಳು.

"ಇಬ್ಬರೂ ಹೋದ್ಮೇಲೆ ನಾನೊಬ್ಬಳೇ ಕೂತು ಏನು ಮಾಡ್ಲಿ," ಅಂದಳು. "ನಂಗೂ ಒಂದು ತುಂಬು."

ಅರ್ಜಿಯನ್ನು ತಿರುಗಿಸಿ ನೋಡಲಾಯಿತು. ವಯೋಮಿತಿ ಇರಲಿಲ್ಲ.